ನ್ವಾರ್ ಸಿನಿಮಾದಲ್ಲಿ ಹೆದರಿಸುವುದು ಕತ್ತಲೋ, ಜಾಗವೋ?

ಟಾಕೀಸು ಗಿರಾಕಿ

ಹಳೇ ಹಾಲಿವುಡ್ ಕ್ರೈಮ್ ಸಿನಿಮಾಗಳ ಮಾತು ಬಂದರೆ ಎಲ್ಲರದ್ದೂ ಒಂದೇ ರಾಗ. ಗೋಡೆ ಮೇಲೆ ನೆರಳು, ಮುಖದ ಮೇಲೆ ಕಿಟಕಿಯ ಪಟ್ಟೆ, ಸಿಗರೇಟ್ ಹೊಗೆ. ಸುಮಾರು 1940ರಿಂದ 1958ರವರೆಗೆ ಬಂದ ಫಿಲ್ಮ್ ನ್ವಾರ್ ಅಂದರೆ ಕತ್ತಲೆ, ಆ ಕತ್ತಲೆ ಅಂದರೆ ಪಾತ್ರದ ಮನಸ್ಸು. ಅಲ್ಲಿಗೆ ಮಾತು ಮುಗಿಯಿತು. ನನಗೆ ಇದು ಒಪ್ಪಿಗೆ ಇಲ್ಲ. ಮೂಡ್ ತರುವುದು ಮೊದಲು ಜಾಗ, ಬೆಳಕು ಅದರ ಹಿಂದೆ ಬರುತ್ತದೆ ಅನ್ನುವುದು ನನ್ನ ವಾದ.

'ಡಬಲ್ ಇಂಡೆಮ್ನಿಟಿ' (1944) ನೋಡಿ. ನಿರ್ದೇಶಕ ಬಿಲ್ಲಿ ವೈಲ್ಡರ್, ಕ್ಯಾಮೆರಾ ಜಾನ್ ಸೈಟ್ಜ್. ಕತೆ ಗೊತ್ತಿಲ್ಲದವರಿಗೆ ಎರಡೇ ಮಾತು: ವಾಲ್ಟರ್ ನೆಫ್ ಎಂಬ ವಿಮಾ ಏಜೆಂಟ್ ಫಿಲಿಸ್ ಎಂಬವಳ ಬಲೆಗೆ ಬೀಳುತ್ತಾನೆ. ಇಬ್ಬರೂ ಸೇರಿ ಅವಳ ಗಂಡನನ್ನು ಮುಗಿಸಿ ವಿಮೆ ಹಣ ಹೊಡೆಯಲು ಹೊರಡುತ್ತಾರೆ.

ಇದರಲ್ಲಿ ನನ್ನ ಮೈ ಜುಂ ಅನ್ನಿಸಿದ್ದು ಕತ್ತಲೆ ಕೋಣೆಯಲ್ಲಿ ಅಲ್ಲ, ಸೂಪರ್ ಮಾರ್ಕೆಟ್ಟಿನಲ್ಲಿ. ಕೊಲೆಯ ಪ್ಲಾನ್ ಮಾತಾಡಲು ಇಬ್ಬರೂ ಅಲ್ಲಿ ಸೇರುತ್ತಾರೆ. ಅಂಗಡಿ ತುಂಬಾ ಬೆಳಕು. ಡಬ್ಬಿಗಳು ಸಾಲು ಸಾಲಾಗಿ ನಿಂತಿವೆ. ಪರಿಚಯವೇ ಇಲ್ಲದವರ ಹಾಗೆ ಶೆಲ್ಫ್ ನೋಡುತ್ತಾ ಪಿಸುಗುಡುತ್ತಾರೆ. ಮಧ್ಯೆ ಒಬ್ಬ ಕುಳ್ಳಗಿನ ಹೆಂಗಸು ಬಂದು, ಮೇಲಿನ ಸಾಲಿನ ಪೊಟ್ಟಣ ತೆಗೆದುಕೊಡಿ ಅಂತ ವಾಲ್ಟರ್‌ನನ್ನು ಕೇಳುತ್ತಾಳೆ. ತೆಗೆದುಕೊಡುತ್ತಾನೆ. ಆಮೇಲೆ ಕೊಲೆಯ ಮಾತು ಮುಂದುವರಿಯುತ್ತದೆ. ಕೊಲೆ ಆದ ಮೇಲೂ ಅದೇ ಅಂಗಡಿ, ಅದೇ ಬೆಳಕು. ಫಿಲಿಸ್ ಕಪ್ಪು ಕನ್ನಡಕ ಹಾಕಿಕೊಂಡಿದ್ದಾಳೆ, ಅಷ್ಟೇ ವ್ಯತ್ಯಾಸ.

ಇನ್ನೊಂದು. ವಾಲ್ಟರ್‌ನ ಅಪಾರ್ಟ್‌ಮೆಂಟಿನ ಬಾಗಿಲು ವರಾಂಡದ ಕಡೆಗೆ ತೆರೆಯುತ್ತದೆ. ಅವನ ವಿಮಾ ಕಂಪನಿಯ ಸಹೋದ್ಯೋಗಿ ಕೀಸ್ ಹೊರಗೆ ಬರುವಾಗ ಫಿಲಿಸ್ ಆ ಬಾಗಿಲ ಹಿಂದೆಯೇ ಅವಿತುಕೊಂಡಿರುತ್ತಾಳೆ. ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲು ಹಾಗೆ ಹೊರಕ್ಕೆ ತೆರೆಯುವುದಿಲ್ಲ. ಆದರೂ ವೈಲ್ಡರ್ ಬೇಕಂತಲೇ ಹಾಗೆ ಮಾಡಿಸಿದ. ಉಸಿರು ಬಿಗಿ ಹಿಡಿಸುವುದು ಆ ಬಾಗಿಲು. ಲೈಟ್ ಹೇಗಿತ್ತು ಅಂತ ನನಗೆ ನೆನಪೂ ಇಲ್ಲ.

ಈಗ ಹೇಳಿ, ನೆರಳು ಎಲ್ಲಿ ಬಂತು?

ನೆರಳುಪ್ರಿಯ

ಗಿರಾಕಿಯವರೇ, ನಿಮಗೆ ಬೇಕಾದ ಎರಡು ಸೀನ್ ಆರಿಸಿಕೊಂಡು ವಾದ ಗೆಲ್ಲಬೇಡಿ. ಅದೇ ಸಿನಿಮಾದಲ್ಲಿ ವಾಲ್ಟರ್ ಮೊದಲ ಸಲ ಫಿಲಿಸ್ ಮನೆಗೆ ಹೋಗುವ ದೃಶ್ಯ ಬಿಟ್ಟಿರಲ್ಲ? ಹೊರಗೆ ಲಾಸ್ ಏಂಜಲಿಸ್‌ನ ಚೊಕ್ಕ ಬಿಸಿಲು. ಒಳಗೆ ಕಿಟಕಿ ಮುಚ್ಚಿದ ಹಾಲ್. ಬ್ಲೈಂಡ್ (ಅಡ್ಡಪಟ್ಟಿಗಳ ಕಿಟಕಿ ಪರದೆ) ಸಂದಿಯಿಂದ ಬಿಸಿಲು ಪಟ್ಟೆ ಪಟ್ಟೆಯಾಗಿ ಬರುತ್ತದೆ, ಅದರಲ್ಲಿ ಧೂಳು ತೇಲುತ್ತಿರುತ್ತದೆ. ಆ ಧೂಳು ಕ್ಯಾಮೆರಾಗೆ ಕಾಣಲಿ ಅಂತ ಸೈಟ್ಜ್ ಅಲ್ಯೂಮಿನಿಯಂ ಪುಡಿಯನ್ನು ಗಾಳಿಗೆ ಊದಿಸಿದ. ಒಂದು ಸೋಫಾ, ಒಂದು ಮೆಟ್ಟಿಲು ಇರುವ ಮಾಮೂಲಿ ಹಾಲ್ ಅದು. ಅದನ್ನು ಕೊಳೆತ ಮನೆ ಮಾಡಿದ್ದು ಆ ಬೆಳಕು. ಅದನ್ನು ತೆಗೆದುಬಿಡಿ, ಅಲ್ಲಿ ಕೂತು ಕಾಫಿ ಕುಡಿಯಬಹುದು.

ಇನ್ನು 'ದಿ ಬಿಗ್ ಕಾಂಬೋ' (1955). ಜೋಸೆಫ್ ಲೂಯಿಸ್ ನಿರ್ದೇಶನ, ಜಾನ್ ಆಲ್ಟನ್ ಕ್ಯಾಮೆರಾ. ಕೊನೆಯ ದೃಶ್ಯ ವಿಮಾನದ ಹ್ಯಾಂಗರ್‌ನಲ್ಲಿ. ಹ್ಯಾಂಗರ್ ಅಂತ ನಾವು ನಂಬುತ್ತೇವೆ, ನಿಜಕ್ಕೂ ಕಾಣುವುದೇನು? ಮಂಜು, ಕತ್ತಲೆ, ಒಂದು ಬೆಳಕಿನ ಬಾಯಿ. ಗ್ಯಾಂಗ್ ನಾಯಕ ಮಿಸ್ಟರ್ ಬ್ರೌನ್‌ನ ಗೆಳತಿ ಸೂಸನ್, ಕಾರಿನ ಸ್ಪಾಟ್‌ಲೈಟ್ ತಿರುಗಿಸಿ ಅವನ ಮುಖಕ್ಕೇ ಹಿಡಿಯುತ್ತಾಳೆ. ಅಲ್ಲಿಯವರೆಗೆ ಊರನ್ನೇ ಅಂಗೈಯಲ್ಲಿ ಇಟ್ಟುಕೊಂಡಿದ್ದವನು ಆ ಬೆಳಕಿನಿಂದ ತಪ್ಪಿಸಿಕೊಳ್ಳಲು ಆಚೆ ಈಚೆ ಓಡುತ್ತಾನೆ. ಸೂಸನ್ ಬಿಡುವುದಿಲ್ಲ. ಇಲ್ಲಿ ಆಯುಧ ಪಿಸ್ತೂಲು ಅಲ್ಲ, ಲೈಟು.

ಇಲ್ಲಿ ಜಾಗ ಅಂತ ಬೇರೆ ಏನಾದರೂ ಉಳಿದಿದೆಯೇ? ಬೆಳಕೇ ಜಾಗ ಕಟ್ಟಿದೆ. ಆಲ್ಟನ್ 1949ರಲ್ಲಿ ತನ್ನ ಕಸುಬಿನ ಬಗ್ಗೆ ಪುಸ್ತಕ ಬರೆದಾಗ ಅದಕ್ಕೆ 'ಪೇಂಟಿಂಗ್ ವಿತ್ ಲೈಟ್' ಅಂತ ಹೆಸರಿಟ್ಟ. ಸುಮ್ನೆ ಇಟ್ಟದ್ದಲ್ಲ.

ಬಜೆಟ್ ಭಟ್ಟ

ನೀವಿಬ್ಬರೂ ಮನಸ್ಸು, ಆಯುಧ ಅಂತೆಲ್ಲ ಹೇಳುತ್ತಿದ್ದೀರಿ. ಸ್ವಲ್ಪ ಲೆಕ್ಕದ ಪುಸ್ತಕ ತೆಗೆಯೋಣವೇ?

ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿದ ಮೇಲೆ, 1942ರಲ್ಲಿ, ಅಲ್ಲಿನ ವಾರ್ ಪ್ರೊಡಕ್ಷನ್ ಬೋರ್ಡ್ ಒಂದು ಮಿತಿ ಹಾಕಿತು. ಒಂದು ಸಿನಿಮಾದ ಸೆಟ್‌ಗಳಿಗೆ ಹೊಸ ಸಾಮಾನು 5,000 ಡಾಲರ್ ಮೀರಬಾರದು. ಮರ, ಮೊಳೆ, ಬಣ್ಣ ಎಲ್ಲವೂ ಯುದ್ಧಕ್ಕೆ ಬೇಕಿತ್ತು. ಆಗ ಏನು ಮಾಡುವುದು? ಹಳೇ ಸೆಟ್ಟನ್ನೇ ತಿರುಗಿಸಿ ಮುರುಗಿಸಿ ಬಳಸುವುದು, ಗುರುತು ಸಿಗದ ಹಾಗೆ ಅರ್ಧ ಕತ್ತಲೆ ಮಾಡುವುದು.

ಇದಕ್ಕೆ ಒಳ್ಳೇ ಸಾಕ್ಷಿ 'ಡೀಟೂರ್' (1945). ಎಡ್ಗರ್ ಉಲ್ಮರ್ ನಿರ್ದೇಶನ, ಪಿಆರ್‌ಸಿ ಎಂಬ ಬಡ ಸ್ಟುಡಿಯೋ. ನಾಯಕ ನಾಯಕಿ ರಾತ್ರಿ ನ್ಯೂಯಾರ್ಕ್ ಬೀದಿಯಲ್ಲಿ ನಡೆಯುತ್ತಾರೆ. ಬೀದಿ ಕಟ್ಟಲು ಕಾಸಿಲ್ಲ. ಸೆಟ್ ತುಂಬಾ ಮಂಜು ಬಿಟ್ಟರು, ಒಂದು ದೀಪದ ಕಂಬ, ಬೀದಿ ಹೆಸರಿನ ಬೋರ್ಡು ತೋರಿಸಿದರು. ನ್ಯೂಯಾರ್ಕ್ ರೆಡಿ! ಇದನ್ನು ಈಗ ನಾವು ಒಂಟಿತನದ ಮಂಜು ಅಂತ ಕೊಂಡಾಡುತ್ತೇವೆ. ಬೇಳೆ ಸಾಲದೆ ತಿಳಿಸಾರು ಮಾಡಿದ್ದು, ಆಮೇಲೆ ಅದೇ ಆ ಮನೆಯ ಸ್ಪೆಷಲ್ ಆಯಿತು.

ಎರಡನೆಯದು ಫಿಲ್ಮ್. 1938ರಲ್ಲಿ ಈಸ್ಟ್‌ಮನ್ ಕೊಡಾಕ್ ಪ್ಲಸ್‌ಎಕ್ಸ್, ಸೂಪರ್ ಡಬಲ್‌ಎಕ್ಸ್ ಎಂಬ ವೇಗದ ಕಪ್ಪುಬಿಳುಪು ಫಿಲ್ಮ್ ತಂದಿತು. ಕಡಿಮೆ ಬೆಳಕಿನಲ್ಲೂ ಚಿತ್ರ ಮೂಡುತ್ತಿತ್ತು. ಅದಿಲ್ಲದಿದ್ದರೆ ನಿಮ್ಮ ನೆರಳೆಲ್ಲ ಬರೀ ಮಸಿ.

ಮೂರನೆಯದು ಸೆನ್ಸಾರ್. ಹಾಲಿವುಡ್‌ನ ಪ್ರೊಡಕ್ಷನ್ ಕೋಡ್ 1934ರಿಂದ ಬಿಗಿಯಾಯಿತು. ಕೊಲೆಯನ್ನು ವಿವರವಾಗಿ ತೋರಿಸುವ ಹಾಗಿಲ್ಲ. ಹಾಗಾಗಿ ಗೋಡೆ ಮೇಲಿನ ನೆರಳು ಕೊಲೆ ಮಾಡಿತು.

ನೆರಳುಪ್ರಿಯ

ಭಟ್ಟರೇ, ನಿಮ್ಮ 5,000 ಡಾಲರ್ ಮಿತಿ ಹಾಡು ಕುಣಿತದ ಸಿನಿಮಾಗಳಿಗೂ ಇತ್ತಲ್ಲ? ಕಾಮಿಡಿಗಳಿಗೂ ಇತ್ತು. ಅವು ಯಾಕೆ ಕಪ್ಪಾಗಲಿಲ್ಲ? ಅದೇ ವೇಗದ ಫಿಲ್ಮ್ ಎಲ್ಲ ಸ್ಟುಡಿಯೋಗಳಿಗೂ ಸಿಗುತ್ತಿತ್ತು. ಅದರಲ್ಲಿ ಎಷ್ಟೋ ಜನ ಫಳಫಳ ಬೆಳಗಿದ ಬೆಡ್‌ರೂಮ್ ಕಾಮಿಡಿ ತೆಗೆದರು. 'ಡಬಲ್ ಇಂಡೆಮ್ನಿಟಿ' ತೆಗೆದದ್ದು ಪ್ಯಾರಮೌಂಟ್, ಬಡವರೇನಲ್ಲ. ಬಡತನದಿಂದ ಕತ್ತಲೆ ಬಂದಿರಬಹುದು. ಅದನ್ನು ಯಾರ ಮುಖದ ಮೇಲೆ ಎಷ್ಟು ಹಾಕಬೇಕು ಅಂತ ಬಡತನ ಹೇಳಿಕೊಡುವುದಿಲ್ಲ.

ಬಜೆಟ್ ಭಟ್ಟ

ಸರಿ, ಹೇಳಿಕೊಟ್ಟವರು ಯಾರು? ಜರ್ಮನಿಯಿಂದ ಬಂದವರು ಅಂತ ತಾನೇ ಮುಂದಿನ ಉತ್ತರ? ಲ್ಯಾಂಗ್, ಸಿಯೋಡ್‌ಮಾಕ್, ವೈಲ್ಡರ್ ಎಂಬ ನಿರ್ದೇಶಕರು... ಆ ಪಾಠ ಎಲ್ಲರಿಗೂ ಬಾಯಿಪಾಠ. ಆದರೆ ಸೈಟ್ಜ್ ಶಿಕಾಗೋದಲ್ಲಿ ಹುಟ್ಟಿದವನು. ಮೂಕಿ ಕಾಲದಲ್ಲೇ, 1921ರಲ್ಲಿ 'ದಿ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪೋಕಲಿಪ್ಸ್' ಶೂಟ್ ಮಾಡಿದ್ದವನು. 'ಔಟ್ ಆಫ್ ದಿ ಪಾಸ್ಟ್' ತೆಗೆದ ನಿಕೋಲಸ್ ಮುಸುರಾಕಾ ಇಟಲಿಯಲ್ಲಿ ಹುಟ್ಟಿ ಆರ್‌ಕೆಓ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ದುಡಿದವನು. ಬರ್ಲಿನ್ ಕತೆ ಇವರಿಬ್ಬರಿಗೂ ಒಗ್ಗುವುದಿಲ್ಲ.

ಮೂರನೇ ಸಾಲು

ಜಗಳ ಚೆನ್ನಾಗಿದೆ. ಆದರೆ ಎಲ್ಲರೂ ಬೆಳಕು ಎಷ್ಟಿದೆ ಅಂತ ಅಳೆಯುತ್ತಿದ್ದೀರಿ. ಎಲ್ಲಿಂದ ಬರುತ್ತಿದೆ ಅಂತ ಯಾರೂ ಕೇಳುತ್ತಿಲ್ಲ. ನನಗೆ ನ್ವಾರ್‌ನ ಗುಟ್ಟು ಇರುವುದು ಅಲ್ಲಿ. ಒಳ್ಳೇ ನ್ವಾರ್ ಸಿನಿಮಾದಲ್ಲಿ ಬೆಳಕಿಗೆ ಒಂದು ವಿಳಾಸ ಇರುತ್ತದೆ. ಬ್ಲೈಂಡ್, ಎದುರು ಕಟ್ಟಡದ ನಿಯಾನ್ ಬೋರ್ಡು, ಅರ್ಧ ತೆರೆದ ಬಾಗಿಲು, ಹೋಗುತ್ತಿರುವ ಕಾರು. ಎಲ್ಲವೂ ಆ ಜಾಗಕ್ಕೆ ಸೇರಿದ್ದು. ಮತ್ತು ಅದರ ಸ್ವಿಚ್ಚು ಪಾತ್ರದ ಕೈಯಲ್ಲಿ ಇರುವುದಿಲ್ಲ.

'ದಿ ಥರ್ಡ್ ಮ್ಯಾನ್' (1949) ನೆನಪಿಸಿಕೊಳ್ಳಿ. ಬ್ರಿಟಿಷ್ ಸಿನಿಮಾ, ನ್ವಾರ್ ಲೆಕ್ಕಕ್ಕೆ ಬರುತ್ತೋ ಇಲ್ಲವೋ ಅಂತ ತಕರಾರು ಮಾಡುವವರು ಆಮೇಲೆ ಮಾಡಿ. ಯುದ್ಧ ಮುಗಿದ ವಿಯೆನ್ನಾ. ನಾಲ್ಕು ದೇಶಗಳ ಸೈನ್ಯ ಊರನ್ನು ಹಂಚಿಕೊಂಡಿದೆ. ಹ್ಯಾರಿ ಲೈಮ್ ಸತ್ತಿದ್ದಾನೆ ಅಂತ ಅವನ ಗೆಳೆಯ ಮಾರ್ಟಿನ್ಸ್ ನಂಬಿದ್ದಾನೆ. ಒಂದು ರಾತ್ರಿ ಕುಡಿದು ಬೀದಿಯಲ್ಲಿ ಬರುವಾಗ ಎದುರಿನ ಬಾಗಿಲ ಮರೆಯಲ್ಲಿ ಯಾರೋ ನಿಂತಿದ್ದಾರೆ. ಬೂಟಿನ ಹತ್ತಿರ ಬೆಕ್ಕು. ಮಾರ್ಟಿನ್ಸ್ ಕೂಗಾಡುತ್ತಾನೆ. ಆ ಗಲಾಟೆಗೆ ಮೇಲಿನ ಮನೆಯ ಹೆಂಗಸು ಎದ್ದು ಲೈಟ್ ಹಾಕಿ ಬೈಯುತ್ತಾಳೆ. ಅವಳ ಕಿಟಕಿಯ ಬೆಳಕು ಸೀದಾ ಬಾಗಿಲ ಮೇಲೆ ಬೀಳುತ್ತದೆ. ಹ್ಯಾರಿ ಲೈಮ್! ಸಿಕ್ಕಿಬಿದ್ದ ಹುಡುಗನ ಹಾಗೆ ಒಂದು ನಗು. ಅಷ್ಟರಲ್ಲಿ ಬೆಳಕು ಹೋಗುತ್ತದೆ, ಅಡ್ಡ ಒಂದು ಕಾರು ಬರುತ್ತದೆ, ಓಡುವ ಹೆಜ್ಜೆ ಸದ್ದು, ಗೋಡೆ ಮೇಲೆ ದೊಡ್ಡ ನೆರಳು.

ಇಲ್ಲಿ ಬೆಳಕು ಹಾಕಿದ್ದು ಯಾರು? ಕತೆಗೆ ಸಂಬಂಧವೇ ಇಲ್ಲದ, ನಿದ್ದೆ ಕೆಟ್ಟ ಒಬ್ಬ ಹೆಂಗಸು. ನಾಯಕನೂ ಅಲ್ಲ, ಪೊಲೀಸರೂ ಅಲ್ಲ. ಊರು ತಾನಾಗಿಯೇ ಅವನನ್ನು ಬಿಟ್ಟುಕೊಟ್ಟಿತು. ಇದು ಲೈಟಿಂಗೋ, ಜಾಗವೋ? ನನಗಂತೂ ಬೇರೆ ಮಾಡಲು ಬರುವುದಿಲ್ಲ.

ಕ್ಯಾಮೆರಾಮನ್ ರಾಬರ್ಟ್ ಕ್ರಾಸ್ಕರ್ ಆ ಕಲ್ಲುಹಾಸಿನ ಬೀದಿಗಳಿಗೆ ನೀರು ಹೊಡೆಸಿದ. ಒಣಗಿದ ಕಲ್ಲು ಬೆಳಕು ನುಂಗುತ್ತದೆ, ಒದ್ದೆ ಕಲ್ಲು ವಾಪಸ್ ಕೊಡುತ್ತದೆ. ಒಂದೊಂದು ಕಲ್ಲಿನ ಅಂಚೂ ಮಿಂಚುತ್ತದೆ. ಅವನಿಗೆ ಆ ಕೆಲಸಕ್ಕೆ ಆಸ್ಕರ್ ಬಂತು.

ಇನ್ನೊಂದು ಉದಾಹರಣೆ, 'ಟಚ್ ಆಫ್ ಈವಿಲ್' (1958). ಕ್ಯಾಲಿಫೋರ್ನಿಯಾದ ವೆನಿಸ್ ಎಂಬ ಊರನ್ನೇ ಮೆಕ್ಸಿಕೋ ಗಡಿ ಪಟ್ಟಣ ಮಾಡಿ ಆರ್ಸನ್ ವೆಲ್ಸ್ ಶೂಟ್ ಮಾಡಿದ. ಒಂದು ಕೊಳಕು ಹೋಟೆಲ್ ರೂಮಿನಲ್ಲಿ ಕ್ವಿನ್ಲನ್ ಎಂಬ ಪೊಲೀಸ್ ಅಧಿಕಾರಿ ಗ್ರಾಂಡಿ ಎಂಬ ರೌಡಿಯ ಕತ್ತು ಹಿಸುಕುತ್ತಾನೆ. ಹೊರಗಿನ ಬೋರ್ಡಿನ ಬೆಳಕು ಹತ್ತುತ್ತದೆ, ಆರುತ್ತದೆ. ಹತ್ತಿದಾಗ ಒಂದು ಚೂರು ಕಾಣುತ್ತದೆ, ಆರಿದಾಗ ಬರೀ ಸದ್ದು. ಒಳಗೆ ಜೀವ ಹೋಗುತ್ತಿದ್ದರೂ ಹೊರಗಿನ ಬೋರ್ಡು ತನ್ನ ಪಾಡಿಗೆ ತಾನು ಜಾಹೀರಾತು ಮಾಡುತ್ತಿದೆ. ಅದು ನನಗೆ ಕೊಲೆಗಿಂತ ಜಾಸ್ತಿ ಭಯ ಹುಟ್ಟಿಸಿತು.

ಶಾರ್ಟ್‌ಫಿಲ್ಮ್ ಹುಡುಗ

ನಾನು ಬಸ್ಸಿನಲ್ಲಿ ಫೋನಿನಲ್ಲಿ 'ಬಿಗ್ ಕಾಂಬೋ' ನೋಡಿದೆ. ಅರ್ಧ ಸಿನಿಮಾ ನನ್ನ ಮುಖವೇ ಕಾಣುತ್ತಿತ್ತು 😄 ಒಂದು ಡೌಟು. ಈ ಪಟ್ಟೆ ನೆರಳು ಮಾಡುವುದು ಹೇಗೆ? ನಾನು ಮನೆಯಲ್ಲಿ ಎಲ್‌ಇಡಿ ಪ್ಯಾನೆಲ್ ಮುಂದೆ ಬ್ಲೈಂಡ್ ಹಿಡಿದೆ. ಗೋಡೆ ಮೇಲೆ ಏನೂ ಬರಲಿಲ್ಲ. ಬರೀ ಮಂಕು.

ಲೈಟ್ ಸೀನಣ್ಣ

ತಮ್ಮಾ, ಪ್ಯಾನೆಲ್ ಲೈಟ್ ಹಿಡಿದರೆ ಜನ್ಮದಲ್ಲಿ ಪಟ್ಟೆ ಬರುವುದಿಲ್ಲ. ನಾನು ಸೀರಿಯಲ್, ಜಾಹೀರಾತುಗಳಲ್ಲಿ ಲೈಟ್ ಕೆಲಸ ಮಾಡುವವನು. ಕೇಳು.

ಚೂಪು ನೆರಳು ಬೇಕೆಂದರೆ ಬೆಳಕಿನ ಮೂಲ ಚಿಕ್ಕದಿರಬೇಕು, ಬ್ಲೈಂಡಿನಿಂದ ದೂರ ಇರಬೇಕು. ಬ್ಲೈಂಡ್ ಮಾತ್ರ ಗೋಡೆಗೆ ಹತ್ತಿರ ಇರಬೇಕು. ಬ್ಲೈಂಡನ್ನು ಗೋಡೆಯಿಂದ ದೂರ ತಂದಷ್ಟೂ ಪಟ್ಟೆಯ ಅಂಚು ಕರಗುತ್ತದೆ. ನಿನ್ನ ಪ್ಯಾನೆಲ್ ಅಗಲ ಜಾಸ್ತಿ. ಅದರ ಒಂದು ಮೂಲೆಯ ಬೆಳಕು ಮಾಡಿದ ನೆರಳನ್ನು ಇನ್ನೊಂದು ಮೂಲೆ ಅಳಿಸಿಹಾಕುತ್ತದೆ. ಆ ಕಾಲದವರು ಬೆಳಕನ್ನು ಒಂದು ಕಡೆ ಕೂಡಿಸುವ ಫ್ರೆನೆಲ್ ಲೆನ್ಸ್ ಇರುವ ಗಟ್ಟಿ ಬೆಳಕಿನ ಲ್ಯಾಂಪ್ ಬಳಸುತ್ತಿದ್ದರು. ಎಷ್ಟೋ ಸಲ ಕಿಟಕಿಯೇ ಇರುತ್ತಿರಲಿಲ್ಲ. ಲ್ಯಾಂಪ್ ಮುಂದೆ ತೂತು ಕೊರೆದ ಹಲಗೆ ಇಟ್ಟರೆ ಗೋಡೆ ಮೇಲೆ ಕಿಟಕಿ ಬಂತು.

ಇನ್ನು ಮೂಲ ಪಾಠ. ಮಾಮೂಲಿ ಸ್ಟುಡಿಯೋ ಲೈಟಿಂಗ್‌ನಲ್ಲಿ ಮೂರು ಬೆಳಕು. ಮುಖ ಬೆಳಗಿಸಲು ಕೀ ಲೈಟ್, ಅದು ಮಾಡಿದ ನೆರಳನ್ನು ತುಂಬಲು ಫಿಲ್ ಲೈಟ್, ಹಿಂದಿನಿಂದ ತಲೆ ಭುಜದ ಅಂಚು ತೋರಿಸಲು ಬ್ಯಾಕ್ ಲೈಟ್. ನಟಿ ಚೆನ್ನಾಗಿ ಕಾಣಬೇಕೆಂದರೆ ಫಿಲ್ ಜಾಸ್ತಿ ಕೊಡುತ್ತಿದ್ದರು. ನ್ವಾರ್‌ನವರು ಆ ಫಿಲ್ಲನ್ನು ಆರಿಸಿದರು, ಇಲ್ಲವೇ ತೀರಾ ಕಮ್ಮಿ ಮಾಡಿದರು. ಕೀ ಲೈಟನ್ನು ಇದ್ದ ಜಾಗದಿಂದ ಎತ್ತಿ ಪಕ್ಕಕ್ಕೋ, ಕೆಳಕ್ಕೋ ಇಟ್ಟರು. ಅಷ್ಟೇ ಮಂತ್ರ.

ಆದರೆ ಕಪ್ಪುಬಿಳುಪಿನಲ್ಲಿ ಒಂದು ತಾಪತ್ರಯ ಇದೆ. ಕಲರ್‌ನಲ್ಲಿ ಕಂದು ಕೋಟು ಹಸಿರು ಗೋಡೆಯಿಂದ ತಾನೇ ಬೇರೆಯಾಗಿ ಕಾಣುತ್ತದೆ. ಕಪ್ಪುಬಿಳುಪಿನಲ್ಲಿ ಎರಡೂ ಒಂದೇ ಬೂದಿ ಬಣ್ಣ, ಮನುಷ್ಯ ಗೋಡೆಯಲ್ಲಿ ಸೇರಿಹೋಗುತ್ತಾನೆ. ಅದಕ್ಕೇ ಹೊಗೆ, ಮಂಜು. ಹಿಂದೆ ಬೆಳಗಿದ ಮಂಜು ಇದ್ದರೆ ಮುಂದೆ ನಿಂತವನ ಆಕಾರ ಕತ್ತರಿಸಿ ಇಟ್ಟ ಹಾಗೆ ಕಾಣುತ್ತದೆ. 'ಬಿಗ್ ಕಾಂಬೋ' ಕೊನೆಯ ಶಾಟ್‌ನಲ್ಲಿ ಗಂಡು ಹೆಣ್ಣು ಇಬ್ಬರ ಮುಖವೂ ಕಾಣುವುದಿಲ್ಲ. ಆದರೂ ಯಾರು ಯಾರು ಅಂತ ಒಂದು ಕ್ಷಣವೂ ಅನುಮಾನ ಬರುವುದಿಲ್ಲ.

ಈಗಿನ ಕತೆ ಕೇಳಬೇಡಿ. ಒಂದು ಸೀರಿಯಲ್‌ನವರು 'ನ್ವಾರ್ ಲುಕ್ ಬೇಕು' ಅಂದರು. ನಾನು ಫಿಲ್ ಆರಿಸಿದೆ. ನಾಯಕಿಯ ಒಂದು ಕೆನ್ನೆ ಕಾಣುತ್ತಿಲ್ಲ ಅಂತ ವಾಪಸ್ ಹಾಕಿಸಿದರು. ಆಮೇಲೆ ಕಂಪ್ಯೂಟರಿನಲ್ಲಿ ನೀಲಿ ಬಳಿದರು.

ಟಾಕೀಸು ಗಿರಾಕಿ

ಮೂರನೇ ಸಾಲಿನವರ 'ವಿಳಾಸ' ಇಷ್ಟವಾಯಿತು. ಆದರೆ ಅದು ನನ್ನ ಕಡೆಯ ವಾದ ಅಂತ ಗಮನಿಸಿ! ವಿಳಾಸ ಇರುವುದು ಜಾಗಕ್ಕೆ ತಾನೇ?

ಬೆಳಕು ಜಾಸ್ತಿ ಇರುವ ಕಡೆ ಇನ್ನೊಂದು ಸುತ್ತು ಹೋಗೋಣ. ಜಾಕ್ ಟರ್ನರ್ ನಿರ್ದೇಶನದ 'ಔಟ್ ಆಫ್ ದಿ ಪಾಸ್ಟ್' (1947) ಶುರುವಾಗುವುದೇ ಬೆಟ್ಟ, ಆಕಾಶ, ಬ್ರಿಜ್‌ಪೋರ್ಟ್ ಎಂಬ ಸಣ್ಣ ಊರಿನ ಪೆಟ್ರೋಲ್ ಬಂಕ್‌ನಿಂದ. ಜೆಫ್ ಅಲ್ಲಿ ಹೆಸರು ಬದಲಿಸಿಕೊಂಡು ನೆಮ್ಮದಿಯಾಗಿದ್ದಾನೆ. ಹಳೇ ಸಾಲ ಕೇಳಲು ಕಪ್ಪು ಕೋಟಿನವನು ಹಗಲು ಹೊತ್ತೇ ಬಂದು ನಿಲ್ಲುತ್ತಾನೆ. ಆ ಬಿಸಿಲಿನ ಊರಿನಲ್ಲಿ ಆ ಕೋಟು ಒಂದೇ ಕಪ್ಪು. ಆಮೇಲೆ ಹಿಂದಿನ ಕತೆ. ಅಕಾಪುಲ್ಕೋದ ಮಬ್ಬು ಕೆಫೆಯಲ್ಲಿ ಜೆಫ್ ಕಾಯುತ್ತಿದ್ದಾನೆ, ಹೊರಗಿನ ಬಿಸಿಲಿನಿಂದ ಕ್ಯಾಥಿ ಒಳಗೆ ಬರುತ್ತಾಳೆ. ಇನ್ನೊಂದು ಸಲ ಬೆಳದಿಂಗಳಿಂದ ಬರುತ್ತಾಳೆ. ಅವಳು ಯಾವಾಗಲೂ ಬೆಳಕಿನ ಕಡೆಯಿಂದ ಬರುವವಳು. ಕೆಟ್ಟದ್ದು ಕತ್ತಲೆಯಿಂದ ಬರುತ್ತದೆ ಅಂತ ಯಾರು ಹೇಳಿದ್ದು?

ಇನ್ನು 'ಲೀವ್ ಹರ್ ಟು ಹೆವನ್' (1945). ಟೆಕ್ನಿಕಲರ್. ಕಪ್ಪುಬಿಳುಪೇ ಅಲ್ಲ. ಜೀನ್ ಟಿಯರ್ನಿ ಮಾಡಿದ ಎಲನ್ ಪಾತ್ರ ತನ್ನ ಗಂಡನನ್ನು ಯಾರ ಜೊತೆಗೂ ಹಂಚಿಕೊಳ್ಳಲಾರದವಳು. ಗಂಡನ ತಮ್ಮ, ಕಾಲು ಸ್ವಾಧೀನ ಇಲ್ಲದ ಹುಡುಗ, ಸರೋವರದಲ್ಲಿ ಈಜುತ್ತಿದ್ದಾನೆ. ಸುತ್ತ ಹಸಿರು, ತಿಳಿ ನೀರು, ಹಗಲು. ಅವಳು ದೋಣಿಯಲ್ಲಿ ಕೂತಿದ್ದಾಳೆ. ಹುಡುಗ ಸುಸ್ತಾಗುತ್ತಾನೆ, ಕೂಗುತ್ತಾನೆ, ಮುಳುಗುತ್ತಾನೆ. ಅವಳು ಕಪ್ಪು ಕನ್ನಡಕ ಹಾಕಿಕೊಂಡು ಸುಮ್ಮನೆ ನೋಡುತ್ತಾಳೆ. ಸಂಗೀತವೂ ಇಲ್ಲ. ಇದರ ಕ್ಯಾಮೆರಾಮನ್ ಲಿಯಾನ್ ಶಾಮ್ರಾಯ್‌ಗೂ ಆಸ್ಕರ್ ಬಂತು. ಪಿಕ್ನಿಕ್ ಹೋಗುವಂಥ ಜಾಗ ಅದು. ಯಾವ ನೆರಳೂ ಇಷ್ಟು ತಣ್ಣಗೆ ಕೊಲ್ಲಲಾರದು.

ನೆರಳುಪ್ರಿಯ

ಆ ಕಪ್ಪು ಕನ್ನಡಕ ಏನು ಮತ್ತೆ? ಸರೋವರದ ತುಂಬಾ ಬೆಳಕಿದೆ, ಅವಳ ಕಣ್ಣಿಗೆ ಮಾತ್ರ ಇಲ್ಲ. ಆಗ ಹೇಳಿದ ಸೂಪರ್ ಮಾರ್ಕೆಟ್ಟು, ಈಗ ಈ ಸರೋವರ, ನಿಮ್ಮ ಎರಡೂ ಬೆಳಕಿನ ದೃಶ್ಯಗಳಲ್ಲಿ ಹೆಂಗಸಿನ ಕಣ್ಣಿನ ಮೇಲೆ ಕಪ್ಪು ಗಾಜು. ನೆರಳನ್ನು ಗೋಡೆಯಿಂದ ತೆಗೆದು ಮುಖಕ್ಕೆ ಹಾಕಿದರು, ಅಷ್ಟೇ.

ಮತ್ತೆ 'ಔಟ್ ಆಫ್ ದಿ ಪಾಸ್ಟ್' ಬರೀ ಬಿಸಿಲಿನ ಸಿನಿಮಾ ಅನ್ನುವ ಹಾಗೆ ಹೇಳಬೇಡಿ. ಕಾಡಿನ ಮನೆಯಲ್ಲಿ ಜೆಫ್ ಮತ್ತು ಅವನ ಹಳೇ ಪಾಲುದಾರ ಫಿಶರ್ ಹೊಡೆದಾಡುವ ದೃಶ್ಯ ನೋಡಿ. ಮುಸುರಾಕಾ ಹೊಡೆದಾಟಕ್ಕಿಂತ ನೋಡುತ್ತಾ ನಿಂತ ಕ್ಯಾಥಿಯ ಕಡೆ ಜಾಸ್ತಿ ಗಮನ ಕೊಡುತ್ತಾನೆ. ಇಬ್ಬರ ನೆರಳೂ ಅವಳ ಮುಖದ ಮೇಲೆ ಹಾದುಹೋಗುತ್ತದೆ. ಮುಖ ಕಪ್ಪಾಗುತ್ತದೆ, ಬೆಳಗುತ್ತದೆ, ಮತ್ತೆ ಕಪ್ಪು. ಅವಳ ಕಣ್ಣಿನಲ್ಲಿ ಗಾಬರಿ ಇಲ್ಲ. ಆಮೇಲೆ ಗುಂಡು. ಬಿಸಿಲಿನಿಂದ ಬಂದವಳು ಯಾರು ಅಂತ ಜೆಫ್‌ಗೆ ಗೊತ್ತಾಗುವುದು ಆ ನೆರಳಿನಲ್ಲಿ.

ಬಜೆಟ್ ಭಟ್ಟ

'ದಿ ಕಿಲ್ಲರ್ಸ್' (1946) ಬಿಟ್ಟುಹೋಯಿತು. ಸ್ವೀಡ್ ಎಂಬವನು ಕತ್ತಲೆ ರೂಮಿನಲ್ಲಿ ಹಾಸಿಗೆ ಮೇಲೆ ಬಿದ್ದಿದ್ದಾನೆ, ಕೊಲ್ಲುವವರು ಮೆಟ್ಟಿಲು ಹತ್ತಿ ಬರುತ್ತಿದ್ದಾರೆ, ಎದ್ದು ಓಡುವ ಮನಸ್ಸೂ ಇಲ್ಲ. ಬಾಗಿಲು ತೆರೆದಾಗ ಅವರ ಮುಖಕ್ಕೆ ಬೆಳಕು ಬರುವುದು ಗುಂಡಿನ ಮಿಂಚಿನಿಂದ. ಮೂರನೇ ಸಾಲಿನವರ ವಿಳಾಸದ ಪಟ್ಟಿಗೆ ಇದನ್ನೂ ಸೇರಿಸಿ. ಲೈಟ್ ಬಿಲ್ಲೂ ಉಳಿಯಿತು.

ಬಸವನಗುಡಿ ಬಾಲ್ಕನಿ

ನಮ್ಮವರ ಹೆಸರು ಇನ್ನೂ ಬರಲಿಲ್ಲವಲ್ಲ ಅಂತ ಕಾಯುತ್ತಿದ್ದೆ. ಮೈಸೂರಿನವರಾದ ವಿ. ಕೆ. ಮೂರ್ತಿ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಜೊತೆ ಸೇರಿ ಅವರು ಮಾಡಿದ ಕೆಲಸವನ್ನು ಈ ಚರ್ಚೆಯ ಪಕ್ಕದಲ್ಲಿ ಇಡಲೇಬೇಕು. 'ಸಿಐಡಿ' (1956) ಬೊಂಬಾಯಿಯ ರಾತ್ರಿ, ಕಾರು, ಕೊಲೆ ಇರುವ ಸಿನಿಮಾ. ನಿರ್ದೇಶನ ರಾಜ್ ಖೋಸ್ಲಾ, ನಿರ್ಮಾಣ ಗುರುದತ್, ಕ್ಯಾಮೆರಾ ಮೂರ್ತಿ. ಹಾಲಿವುಡ್ ಕ್ರೈಮ್ ಸಿನಿಮಾಗಳ ಗಾಳಿ ಅದರಲ್ಲಿ ಎದ್ದು ಕಾಣುತ್ತದೆ.

ಆದರೆ ನನಗೆ ಹೇಳಬೇಕಿರುವುದು 'ಕಾಗಜ್ ಕೆ ಫೂಲ್' (1959). ಖಾಲಿ ಸ್ಟುಡಿಯೋ, ಮೇಲಿನಿಂದ ಓರೆಯಾಗಿ ಇಳಿಯುವ ಬೆಳಕಿನ ಒಂದೇ ಕೋಲು, ಅದರ ಆಚೆ ಈಚೆ ಗುರುದತ್ ಮತ್ತು ವಹೀದಾ. ಅಂಥ ಸಮಾನಾಂತರ ಕೋಲು ಲ್ಯಾಂಪ್‌ನಿಂದ ಬರುವುದಿಲ್ಲ, ಲ್ಯಾಂಪ್ ಬೆಳಕು ಹರಡುತ್ತದೆ. ಹಾಗಾಗಿ ಮೂರ್ತಿ ಕನ್ನಡಿ ಇಟ್ಟು ಹೊರಗಿನ ಬಿಸಿಲನ್ನೇ ಒಳಗೆ ತಿರುಗಿಸಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಕ್ಯಾಮೆರಾಮನ್ ಒಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಕನ್ನಡದಲ್ಲಿ 'ಹೂವು ಹಣ್ಣು' ಅವರ ಕ್ಯಾಮೆರಾ ಅಂತ ಎಷ್ಟು ಜನಕ್ಕೆ ಗೊತ್ತು?

ಮೂರನೇ ಸಾಲು

ಬಾಲ್ಕನಿಯವರೇ, ಮೂರ್ತಿಯವರ ಮೇಲೆ ನನಗೂ ಅಷ್ಟೇ ಅಭಿಮಾನ. ಆದರೆ ಆ ಕೋಲು ಬೆಳಕು ನ್ವಾರ್ ಅಲ್ಲ. ಅದು ಪಾತ್ರಗಳ ಮೇಲೆ ಕರುಣೆ ತೋರಿಸುವ ಬೆಳಕು. ಅವರಿಬ್ಬರೂ ಸೇರಲಾರರು ಅಂತ ಮರುಗುತ್ತದೆ. ನ್ವಾರ್ ಬೆಳಕು ಯಾರಿಗೂ ಮರುಗುವುದಿಲ್ಲ, ಆಗಲೇ ಹೇಳಿದೆನಲ್ಲ, ಹೊರಗಿನ ಬೋರ್ಡು ಅದರ ಪಾಡಿಗೆ ಅದು.

ಇದಕ್ಕೆ ಒಂದೇ ಒಂದು ಅಡ್ಡ ಉದಾಹರಣೆ ನನ್ನನ್ನು ಕಾಡುತ್ತದೆ. ನಿಕೋಲಸ್ ರೇ ನಿರ್ದೇಶನದ 'ಇನ್ ಎ ಲೋನ್ಲಿ ಪ್ಲೇಸ್' (1950). ಬೋಗಾರ್ಟ್ ಮಾಡಿದ ಡಿಕ್ಸ್ ಸಿನಿಮಾ ಕತೆಗಾರ, ಅವನ ಮೇಲೆ ಕೊಲೆ ಅನುಮಾನ. ಪೊಲೀಸ್ ಗೆಳೆಯನ ಮನೆಯಲ್ಲಿ ಊಟವಾದ ಮೇಲೆ, ಕೊಲೆ ಹೇಗೆ ನಡೆದಿರಬಹುದು ಅಂತ ಕತೆ ಕಟ್ಟಿ ಹೇಳುತ್ತಾನೆ. ಹೇಳುತ್ತಾ ಹೇಳುತ್ತಾ ಅವನ ಕಣ್ಣಿನ ಮೇಲೆ ಒಂದು ಪಟ್ಟಿ ಬೆಳಕು ಏರುತ್ತದೆ. ಆ ಮನೆಯಲ್ಲಿ ಆ ಬೆಳಕಿಗೆ ಯಾವ ವಿಳಾಸವೂ ಇಲ್ಲ. ಟೇಬಲ್ ಲ್ಯಾಂಪೂ ಅಲ್ಲ, ಕಿಟಕಿಯೂ ಅಲ್ಲ. ಅವನೊಳಗಿನಿಂದ ಬಂದ ಹಾಗಿದೆ. ನೆರಳುಪ್ರಿಯರು ಇದನ್ನು ಇಟ್ಟುಕೊಳ್ಳಬಹುದು, ನಾನು ಬಿಟ್ಟುಕೊಡುತ್ತೇನೆ.

ಆದರೆ ಅದೇ ಸಿನಿಮಾದ ವಠಾರ ನನ್ನದು. ಒಂದು ಅಂಗಳ, ಸುತ್ತ ಮನೆಗಳು. ಡಿಕ್ಸ್ ಕಿಟಕಿ ಎದುರುಮನೆಯ ಪ್ರೇಯಸಿ ಲಾರೆಲ್‌ಗೆ ಕಾಣುತ್ತದೆ, ಅವಳದ್ದು ಅವನಿಗೆ. ಪ್ರೀತಿ ಶುರುವಾಗುವಾಗ ಹಿತವಾಗಿದ್ದ ಆ ಅಂಗಳ, ಅನುಮಾನ ಶುರುವಾದ ಮೇಲೆ ಕಾವಲು ಗೋಪುರ ಆಗುತ್ತದೆ. ಒಂದು ಇಟ್ಟಿಗೆಯೂ ಬದಲಾಗಿಲ್ಲ. ರೇ ತಾನು ಹಿಂದೆ ಬಾಡಿಗೆಗಿದ್ದ ವಠಾರದ ಮಾದರಿಯಲ್ಲೇ ಆ ಸೆಟ್ ಹಾಕಿಸಿದ್ದ.

ನೆರಳುಪ್ರಿಯ

ಇಟ್ಟುಕೊಂಡೆ. ಜೊತೆಗೆ ಇದೂ ಇರಲಿ: ವಿಳಾಸ ಇಲ್ಲದ ಆ ಬೆಳಕು ಒಂದೇ ಒಂದು ಅಲ್ಲ. ಆ ಕಾಲದ ಸಿನಿಮಾಗಳಲ್ಲಿ ನಟಿ ಕತ್ತಲೆಯಲ್ಲಿ ನಿಂತರೂ ಕಣ್ಣಿಗೆ ಮಾತ್ರ ಬೆಳಕು ಬೀಳುತ್ತದೆ. ಎಲ್ಲಿಂದ ಅಂತ ಯಾರೂ ಕೇಳುವುದಿಲ್ಲ. ನಿಮ್ಮ ನಿಯಮಕ್ಕೆ ಸ್ಟುಡಿಯೋದವರು ದಿನಾ ಚಕ್ಕರ್ ಹೊಡೆಯುತ್ತಿದ್ದರು.

ಶಾರ್ಟ್‌ಫಿಲ್ಮ್ ಹುಡುಗ

ಸೀನಣ್ಣ, ಗಟ್ಟಿ ಬೆಳಕಿಗೆ ಟಾರ್ಚ್ ಇಟ್ಟೆ. ಪಟ್ಟೆ ಬಂತು! ನನ್ನ ಕತೆ ಒಂದು ಪಿಜಿ ರೂಮಿನಲ್ಲಿ ನಡೆಯುತ್ತದೆ. ಅಲ್ಲಿಗೆ ಬ್ಲೈಂಡ್ ಬಾಡಿಗೆಗೆ ತರಲಾ?

ಲೈಟ್ ಸೀನಣ್ಣ

ಪಿಜಿ ರೂಮಿನಲ್ಲಿ ಬ್ಲೈಂಡ್ ಯಾರು ಹಾಕಿಸುತ್ತಾರೆ ತಮ್ಮಾ? ಇರುವುದನ್ನು ನೋಡು. ಬಾತ್‌ರೂಮ್ ಬಾಗಿಲು ಅರ್ಧ ತೆರೆದರೆ ಉದ್ದಕ್ಕೆ ಒಂದು ಗೆರೆ ಬೆಳಕು ಸಿಗುತ್ತದೆ. ಬಂಕ್ ಮಂಚದ ಕಂಬಿ ಇದ್ದರೆ ಅದರ ನೆರಳನ್ನು ಕೆಳಗೆ ಮಲಗಿದವನ ಮೇಲೆ ಬೀಳಿಸು. ಕಿಟಕಿ ಗ್ರಿಲ್ಲಿನ ಆಚೆ ಟಾರ್ಚ್ ಹಿಡಿದು ಗೆಳೆಯನನ್ನು ನಡೆಸು, ಬೈಕ್ ಹೋದ ಹಾಗೆ ನೆರಳು ಗೋಡೆ ಮೇಲೆ ಓಡುತ್ತದೆ. ಟ್ಯೂಬ್‌ಲೈಟ್ ಆರಿಸಿಬಿಡು. ನೆಲಕ್ಕೆ ಬಿಳಿ ಟೈಲ್ಸ್ ಇದ್ದರೆ ಕಪ್ಪು ಬೆಡ್‌ಶೀಟ್ ಹಾಸು. ಇಲ್ಲದಿದ್ದರೆ ಅದೇ ಫಿಲ್ ಲೈಟ್ ಕೆಲಸ ಮಾಡಿ ನಿನ್ನ ಕತ್ತಲೆ ಕೆಡಿಸುತ್ತದೆ. ಮತ್ತೆ ಫೋನಿನಲ್ಲಿ ಎಕ್ಸ್‌ಪೋಶರ್ ಲಾಕ್ ಮಾಡು. ಮರೆತರೆ ಫೋನು ತಾನೇ ಬುದ್ಧಿ ಓಡಿಸಿ ಎಲ್ಲವನ್ನೂ ಬೆಳಗಿಸುತ್ತದೆ.

ಬಜೆಟ್ ಭಟ್ಟ

ಖರ್ಚು ಎಷ್ಟಾಯಿತು ಅಂತ ಆಮೇಲೆ ಇಲ್ಲಿ ಹಾಕು.